ಜಯಪುರದರ್ಶನ: ನಮ್ಮ ಪ್ರವಾಸಲೇಖನಗಳ ಒಂದು ಪರೀಕ್ಷೆ

ಕನ್ನಡದಲ್ಲಿ ಪ್ರವಾಸಲೇಖನವೆಂಬ ಪ್ರಕಾರವು ಈಗ ಬಡವಾದುದಲ್ಲ. ಕಾಶೀರಾಮೇಶ್ವರಗಳ ಯಾತ್ರಾವೃತ್ತಾಂತದಿಂದ ಮೊದಲುಗೊಂಡು, ರಜೆಯ ದಿನಗಳಲ್ಲಿ ಸಂಸಾರಸಮೇತರಾಗಿ ಉತ್ತರದೇಶವನ್ನು ಸುತ್ತಿಬಂದ ಗೃಹಸ್ಥರು ಮಾಸಪತ್ರಿಕೆಗಳಿಗೆ ಬರೆದು ಕಳುಹಿಸುವ ಲೇಖನಗಳವರೆಗೆ ಅದರ ಬೆಳೆ ಹುಲುಸಾಗಿಯೇ ಇದೆ. ಇದು ಸಂತೋಷಪಡತಕ್ಕ ಸಂಗತಿ. ತಾನು ಕಂಡುದನ್ನು ಕಾಣದವರಿಗೆ ಹೇಳಬೇಕೆಂಬ ಆಸೆ ಸಾಹಿತ್ಯದ ಮೂಲಪ್ರೇರಣೆಗಳಲ್ಲಿ ಒಂದು. ಮನೆಯನ್ನು ಬಿಟ್ಟು ಹೊರಡಲಾರದ ಎಷ್ಟೋ ಮಂದಿ ವೃದ್ಧರೂ ಗೃಹಿಣಿಯರೂ ಇಂಥ ಲೇಖನಗಳ ಮೂಲಕವೇ ದೇಶವನ್ನು ನೋಡಿದವರಾಗಿದ್ದಾರೆ. ಆದರೆ ಪೈರು ಎತ್ತರವಾಗಿ ಬೆಳೆದ ಮಾತ್ರಕ್ಕೆ ತೆನೆಯಲ್ಲಿ ಕಾಳು ಗಟ್ಟಿಯಾಗಿದೆಯೆಂದು ಹೇಳಲಾಗದು. ಒಮ್ಮೆ ಮೊರದಲ್ಲಿ ಹಾಕಿ ಕೇರಿ ನೋಡಬೇಕು. ಈ ಲೇಖನದ ಉದ್ದೇಶ ಅಷ್ಟೆ.

ಪರೀಕ್ಷೆಗೆ ಒಂದು ಊರನ್ನು ಆರಿಸಿಕೊಳ್ಳುವುದು ಮೇಲು. ಇಲ್ಲವಾದರೆ ಮಾತು ಗಾಳಿಯಲ್ಲಿ ನಿಲ್ಲುತ್ತದೆ. ರಾಜಸ್ಥಾನದ ಜಯಪುರವನ್ನು ನಾನು ಆರಿಸಿಕೊಂಡಿದ್ದೇನೆ. ಅರಮನೆ ಕೋಟೆಗಳಿಗೆ ಹೆಸರಾದ ನಗರಗಳಲ್ಲಿ ನಮ್ಮವರು ಹೆಚ್ಚಾಗಿ ಹೋಗಿಬರುವುದೂ ಹೆಚ್ಚಾಗಿ ಬರೆಯುವುದೂ ಅದರ ವಿಷಯವಾಗಿಯೇ. ಮೇಲಾಗಿ ಜಯಪುರವು ಪುರಾಣಕಾಲದ ಮಬ್ಬಿನಲ್ಲಿ ಹುಟ್ಟಿದ ಊರಲ್ಲ. ಅದರ ಆರಂಭಕ್ಕೆ ೧೭೨೭ನೆಯ ನವೆಂಬರ್ ೧೮ ಎಂದು ತಾರೀಖುಂಟು. ಕಟ್ಟಿಸಿದ ಅರಸನಾದ ಎರಡನೆಯ ಸವಾಯಿ ಜಯಸಿಂಹನ ಹೆಸರುಂಟು. ಯೋಜನೆಯಲ್ಲಿ ಅವನಿಗೆ ಬಲಗೈಯಾಗಿದ್ದ ವಿದ್ಯಾಧರ ಭಟ್ಟಾಚಾರ್ಯನ ಹೆಸರುಂಟು. ಹೀಗೆ ಸಂಗತಿಗಳು ಕೈಗೆ ಸಿಕ್ಕುವ ಊರಿನ ವಿಷಯದಲ್ಲಿ ಬರೆವಣಿಗೆಯು ಎಷ್ಟರಮಟ್ಟಿಗೆ ನಿಜವಾಗಿದೆ, ಎಷ್ಟರಮಟ್ಟಿಗೆ ಕಂಡದ್ದಾಗಿದೆ ಎಂಬುದನ್ನು ಒರೆಗೆ ಹಚ್ಚಿ ನೋಡುವುದು ಸುಲಭ.

ಜಯಪುರದ ಮೇಲಿನ ನಮ್ಮ ಲೇಖನಗಳಿಗೆ ಒಂದು ಅಚ್ಚು ಬಿದ್ದುಹೋಗಿದೆ. ಮೊದಲು ‘ಗುಲಾಬಿ ನಗರ’ವೆಂಬ ಬಿರುದು, ಅನಂತರ ಹವಾಮಹಲಿನ ಕಿಟಕಿಗಳ ಎಣಿಕೆ, ಅನಂತರ ಅರಮನೆಯ ವಸ್ತುಸಂಗ್ರಹ, ಅಲ್ಲಿನ ಬೆಳ್ಳಿಯ ಹಂಡೆಗಳು, ಮರುದಿನ ಆಮೇರದ ಕೋಟೆ, ಶೀಶಮಹಲು, ಆನೆ, ಅಲ್ಲಿಂದ ಜಯಗಢದ ತೋಪು, ಸಂಜೆಗೆ ಜಲಮಹಲು, ಕೊನೆಯಲ್ಲಿ ಅಂಗಡಿಬೀದಿಯಲ್ಲಿ ರಜಾಯಿಯ ಖರೀದಿ. ಪ್ರತಿಯೊಂದಕ್ಕೂ ‘ಭವ್ಯ’, ‘ಅದ್ಭುತ’, ‘ವರ್ಣನಾತೀತ’ ಎಂಬ ವಿಶೇಷಣಗಳಲ್ಲಿ ಯಾವುದಾದರೊಂದು. ವರ್ಣನಾತೀತವಾದದ್ದನ್ನು ವರ್ಣಿಸುವುದಕ್ಕಾಗಿಯೇ ಅಲ್ಲವೆ ಲೇಖಕರು ಲೇಖನಿಯನ್ನು ಹಿಡಿದದ್ದು? ಇಂಥ ಲೇಖನಗಳಲ್ಲಿ ಊರಿನ ಹೆಸರುಗಳನ್ನು ತೆಗೆದು ಬೇರೊಂದು ರಾಜಧಾನಿಯ ಹೆಸರುಗಳನ್ನು ಸೇರಿಸಿದರೆ ವಾಕ್ಯಗಳು ಕದಲದೆ ನಿಲ್ಲುತ್ತವೆ. ಎಲ್ಲಿಗೆ ಬೇಕಾದರೂ ಹೊಂದುವ ವರ್ಣನೆ ಎಲ್ಲಿಯದೂ ಅಲ್ಲ.

ಇದಕ್ಕೆ ಸಮಾಧಾನವಾಗಿ, ‘ನಾವು ಇತಿಹಾಸಕಾರರಲ್ಲ, ಎರಡು ದಿನದ ಯಾತ್ರಿಕರು, ಕಂಡಷ್ಟನ್ನು ಬರೆದೆವು’ ಎಂದು ಹೇಳಬಹುದು. ಈ ಮಾತನ್ನು ಒಪ್ಪೋಣ. ಆದರೆ ನನ್ನ ಆಕ್ಷೇಪಣೆ ಅವರು ಕಡಮೆ ಕಂಡರೆಂಬುದಲ್ಲ. ಕಂಡದ್ದಕ್ಕೆ ಬದಲಾಗಿ ಕೇಳಿದ್ದನ್ನು ಬರೆಯುತ್ತಾರೆಂಬುದು, ಮತ್ತು ಕಾಣಬೇಕಾದದ್ದು ಎದುರಿಗಿದ್ದರೂ ಅದನ್ನು ದಾಟಿಕೊಂಡು ಹೋಗುತ್ತಾರೆಂಬುದು. ಈ ಎರಡು ದೋಷಗಳನ್ನು ಒಂದೊಂದಾಗಿ ವಿಚಾರಿಸೋಣ.

ಕೇಳಿದ್ದರ ವಿಷಯ ಮೊದಲು. ನಗರಕ್ಕೆ ಗುಲಾಬಿ ಬಣ್ಣ ಬಂದ ಕಥೆಯನ್ನು ಎತ್ತಿಕೊಳ್ಳಿರಿ. ೧೮೭೬ರಲ್ಲಿ ವಿಕ್ಟೋರಿಯಾ ರಾಣಿಯ ಪತಿಯಾದ ಆಲ್ಬರ್ಟನು ಬಂದನೆಂದೂ ಅವನ ಸ್ವಾಗತಕ್ಕಾಗಿ ಅರಸನು ಊರಿಗೆಲ್ಲ ಬಣ್ಣ ಹೊಡೆಸಿದನೆಂದೂ ಎಷ್ಟೋ ಕಡೆ ಅಚ್ಚಾಗಿದೆ. ಕೆಲವರು ರಾಣಿಯನ್ನೇ ಕರೆತಂದುಬಿಟ್ಟಿದ್ದಾರೆ. ಆಲ್ಬರ್ಟನು ತೀರಿಕೊಂಡದ್ದು ೧೮೬೧ರಲ್ಲಿ. ವಿಕ್ಟೋರಿಯಾ ರಾಣಿಯು ಭಾರತಕ್ಕೆ ಕಾಲಿಟ್ಟವಳೇ ಅಲ್ಲ. ೧೮೭೬ರಲ್ಲಿ ಬಂದವನು ಅವರ ಮಗ, ಆಗಿನ ಯುವರಾಜನಾದ ಆಲ್ಬರ್ಟ್ ಎಡ್ವರ್ಡ್, ಮುಂದೆ ಏಳನೆಯ ಎಡ್ವರ್ಡನೆನಿಸಿದವನು. ರಾಮನಿವಾಸ ತೋಟದಲ್ಲಿರುವ ಆಲ್ಬರ್ಟ್ ಹಾಲಿಗೆ ಆ ವರ್ಷದ ಫೆಬ್ರವರಿ ೬ರಂದು ಅಸ್ತಿಭಾರವನ್ನಿಟ್ಟವನೂ ಅವನೇ. ಆಗಿನ ಅರಸನು ಎರಡನೆಯ ಸವಾಯಿ ರಾಮಸಿಂಹ. ಹೆಸರೊಂದು ತಪ್ಪಿದರೆ ಏನು ಮುಳುಗಿತು ಎನ್ನಬಾರದು. ಸತ್ತು ೧೫ ವರ್ಷವಾದ ಮನುಷ್ಯನನ್ನು ಮೆರವಣಿಗೆಯಲ್ಲಿ ಕೂಡಿಸಿದ ಲೇಖಕನು ಉಳಿದ ವಿಷಯಗಳಲ್ಲಿಯೂ ಎಷ್ಟು ನಂಬಿಕೆಗೆ ಅರ್ಹನೆಂದು ವಾಚಕನು ಕೇಳಿದರೆ ಅದು ನ್ಯಾಯವೇ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಊರು ಹುಟ್ಟಿ ಸುಮಾರು ಒಂದೂವರೆ ಶತಮಾನವಾದ ಮೇಲೆ ಪ್ರಸಿದ್ಧಿಗೆ ಬಂದ ಬಣ್ಣವನ್ನು ಊರಿನ ಸ್ವರೂಪವೆಂದೇ ನಾವು ಭಾವಿಸಿದ್ದೇವೆ.

ಜಯಗಢದ ‘ಜಯವಾಣ’ ತೋಪಿನ ಕಥೆಯೂ ಹೀಗೆಯೇ. ೧೭೨೦ರಲ್ಲಿ ಎರಕಹೊಯ್ದ, ಸುಮಾರು ೫೦ ಟನ್ ತೂಗುವ, ೬ ಮೀಟರಿಗಿಂತ ಉದ್ದವಾದ ನಳಿಗೆಯುಳ್ಳ ಈ ತೋಪನ್ನು ಪರೀಕ್ಷೆಗಾಗಿ ಒಮ್ಮೆ ಮಾತ್ರ ಹಾರಿಸಿದರೆಂದೂ, ಗುಂಡು ೩೫ ಕಿಲೋಮೀಟರು ದೂರದ ಚಾಕಸುವಿನಲ್ಲಿ ಬಿದ್ದು ಅಲ್ಲಿ ಕೆರೆಯಾಯಿತೆಂದೂ ಹೇಳುತ್ತಾರೆ. ಆ ಕಾಲದ ತೋಪುಗಳ ಗುಂಡು ಕೆಲವೇ ಕಿಲೋಮೀಟರು ಹೋಗುತ್ತಿದ್ದಿತೆಂಬುದನ್ನು ಬಲ್ಲವರು ಇದನ್ನು ನಂಬಲಾರರು. ಕಥೆಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಐತಿಹ್ಯಕ್ಕೆ ಅದರದೇ ಆದ ಬೆಲೆಯುಂಟು. ಜನರು ತಮ್ಮ ಅರಸನ ಬಲವನ್ನು ಹೇಗೆ ಕಲ್ಪಿಸಿಕೊಂಡರೆಂಬುದನ್ನು ಅದು ತಿಳಿಸುತ್ತದೆ. ಐತಿಹ್ಯವನ್ನು ಐತಿಹ್ಯವೆಂದು ಹೇಳಿದರೆ ಸಾಕು. ದುಃಖದ ಸಂಗತಿಯೆಂದರೆ, ಈ ಗುಂಡಿನ ಹಿಂದೆ ಓಡಿದ ಲೇಖಕರು ಅದೇ ಕೋಟೆಯಲ್ಲಿ ಉಳಿದುಬಂದಿರುವ ತೋಪಿನ ಕಾರ್ಖಾನೆಯ ಮುಂದೆ ನಿಲ್ಲುವುದಿಲ್ಲ. ಲೋಹವನ್ನು ಕರಗಿಸಿದ ಕುಲುಮೆ, ಎರಕದ ನಳಿಗೆಯನ್ನು ಕೊರೆಯಲು ಎತ್ತುಗಳನ್ನು ಕಟ್ಟಿ ತಿರುಗಿಸುತ್ತಿದ್ದ ಯಂತ್ರ—ಇವು ಕಣ್ಣಿನಿಂದ ಕಾಣಬಹುದಾದವು. ಕಥೆಯಲ್ಲಿ ಅರಸನು ಮಾತ್ರ ಇದ್ದಾನೆ. ಕಾರ್ಖಾನೆಯಲ್ಲಿ ಕಮ್ಮಾರನೂ ಎರಕದವನೂ ಎತ್ತು ಹೊಡೆಯುವವನೂ ಇದ್ದಾರೆ.

ಈ ವಾಡಿಕೆ ನಮಗೆ ಎಲ್ಲಿಂದ ಬಂದಿತು? ರಾಜಪುತರನ್ನು ನಾವು ನೋಡುವ ಕಣ್ಣನ್ನು ಬಹುಮಟ್ಟಿಗೆ ರೂಪಿಸಿದವನು ಜೇಮ್ಸ್ ಟಾಡ್. ೧೮೨೯ ಮತ್ತು ೧೮೩೨ರಲ್ಲಿ ಎರಡು ಸಂಪುಟಗಳಾಗಿ ಹೊರಬಂದ ಅವನ ರಾಜಸ್ಥಾನದ ಇತಿಹಾಸವು ಕೋಟೆ, ಖಡ್ಗ, ಜೌಹರಗಳ ಒಂದು ಮಹಾಕಥನವನ್ನು ಕಟ್ಟಿತು. ಅದು ಬಂಗಾಳದ ಲೇಖಕರಿಗೆ ಗಣಿಯಾಯಿತು. ರಂಗಲಾಲ ಬಂದ್ಯೋಪಾಧ್ಯಾಯರ ಪದ್ಮಿನೀ ಉಪಾಖ್ಯಾನವು ೧೮೫೮ರಲ್ಲಿ ಬಂದಿತು. ಬಂಗಾಳಿಯಲ್ಲಿ ಬೆಳೆದ ಆ ರಾಜಪುತ ಕಥಾಭಿರುಚಿಯು ಕಾದಂಬರಿಗಳ ಮೂಲಕ ನಮ್ಮಲ್ಲಿಗೂ ಹರಿಯಿತು. ಬಂಕಿಮಚಂದ್ರರ ದುರ್ಗೇಶನಂದಿನಿಯ ನಾಯಕನಾದ ಜಗತ್ಸಿಂಹನು ಆಮೇರದ ರಾಜಾ ಮಾನಸಿಂಹನ ಮಗ. ಬಿ. ವೆಂಕಟಾಚಾರ್ಯರು ಆ ಕಾದಂಬರಿಯನ್ನು ಕನ್ನಡಿಸಿದಾಗ ನಮ್ಮ ಮನೆಗಳಲ್ಲಿ ಆಮೇರದ ಹೆಸರು ಒಂದು ಪ್ರಣಯಕಥೆಯ ಕಂಪಿನೊಡನೆ ಪರಿಚಿತವಾಯಿತು. ಇದನ್ನು ನಿಂದೆಯಾಗಿ ಹೇಳುತ್ತಿಲ್ಲ. ಕಾದಂಬರಿ ತನ್ನ ಕೆಲಸವನ್ನು ಮಾಡಿತು. ಆದರೆ ಕಾದಂಬರಿಯ ಕಣ್ಣಿನಿಂದ ಊರನ್ನು ನೋಡಲು ಹೊರಟವನಿಗೆ ವೀರಶೃಂಗಾರಗಳ ಹೊರತು ಬೇರೆ ಯಾವುದೂ ಕಾಣುವುದಿಲ್ಲ.

ಟಾಡನಿಗೂ ಇಲ್ಲಿ ನ್ಯಾಯವನ್ನು ಸಲ್ಲಿಸಬೇಕು. ಆಮೇರದ ಅರಸರನ್ನು ಕುರಿತು ಬರೆಯುವಾಗ ಅವನು ಜಯಪುರವು ಕ್ರಮಬದ್ಧವಾದ ಯೋಜನೆಯ ಮೇಲೆ ಕಟ್ಟಿದ ನಗರವೆಂಬುದನ್ನು ಎತ್ತಿಹೇಳಿ, ಅದರ ಶ್ರೇಯಸ್ಸನ್ನು ಬಂಗಾಳದವನಾದ ವಿದ್ಯಾಧರನಿಗೆ ಕೊಡುತ್ತಾನೆ. ಅವನಿಗಿಂತ ಹಿಂದೆ, ೧೮ನೆಯ ಶತಮಾನದ ನಡುವೆ ಉತ್ತರಭಾರತದಲ್ಲಿ ಸಂಚರಿಸಿದ ಟೀಫೆನ್‌ಥಾಲರ್ ಎಂಬ ಪಾದ್ರಿಯು ಈ ಊರಿನಲ್ಲಿ ಮೆಚ್ಚಿದ್ದು ಇತರ ಊರುಗಳ ಇಕ್ಕಟ್ಟಾದ ಓಣಿಗಳಿಗೆ ಪ್ರತಿಯಾಗಿ ಇಲ್ಲಿ ಕಂಡ ನೇರವೂ ವಿಶಾಲವೂ ಆದ ಬೀದಿಗಳನ್ನು. ೧೮೨೫ರಲ್ಲಿ ಬಂದ ಹೀಬರ್ ಬಿಷಪ್ಪನಿಗೆ ಊರಿನ ಕೋಟೆಗೋಡೆ ಮಾಸ್ಕೋ ನಗರದ ಕ್ರೆಮ್ಲಿನ್ನನ್ನು ನೆನಪಿಗೆ ತಂದಿತು. ೧೮೮೭ರಲ್ಲಿ ಪತ್ರಿಕೆಗಾಗಿ ರಾಜಪುತಾನವನ್ನು ಸುತ್ತಿದ ಕಿಪ್ಲಿಂಗನು, ಬಿಳಿಯರ ಮೇಲ್ಮೆಯ ಭಾವನೆಯನ್ನು ಎಲ್ಲಿಯೂ ಬಿಡದವನಾದರೂ, ಅವಸರದ ವಿಶ್ವಸಂಚಾರಿಗಳನ್ನು ಚೆನ್ನಾಗಿ ಪರಿಹಾಸ್ಯಮಾಡಿದ್ದಾನೆ. ಇವರೆಲ್ಲರಲ್ಲಿಯೂ ಅವರವರ ಪಕ್ಷಪಾತಗಳುಂಟು; ಆದರೂ ಇವರು ಊರನ್ನು ಊರಾಗಿ ನೋಡಿದರು. ನಾವು ಟಾಡನಿಂದ ಕತ್ತಿಯನ್ನು ತೆಗೆದುಕೊಂಡು ನಕ್ಷೆಯನ್ನು ಅಲ್ಲಿಯೇ ಬಿಟ್ಟೆವು.

ಇನ್ನು ಎರಡನೆಯ ದೋಷ, ಎಂದರೆ ಎದುರಿಗಿದ್ದುದನ್ನು ಕಾಣದಿರುವುದು. ಜಯಪುರದ ಪ್ರಧಾನವಾದ ಕೃತಿ ಯಾವುದು? ಹವಾಮಹಲೂ ಅಲ್ಲ, ಚಂದ್ರಮಹಲೂ ಅಲ್ಲ, ನಗರವೇ. ಆಮೇರದ ಅರಸರು ತಲೆತಲಾಂತರದಿಂದ ಬೆಟ್ಟದ ಕಣಿವೆಯಲ್ಲಿ ಕೋಟೆಯ ಮರೆಯಲ್ಲಿ ವಾಸವಾಗಿದ್ದವರು. ಜಯಸಿಂಹನು ಅಲ್ಲಿಂದ ಸುಮಾರು ೧೧ ಕಿಲೋಮೀಟರು ಇಳಿದುಬಂದು ಬಯಲಿನಲ್ಲಿ ರಾಜಧಾನಿಯನ್ನು ಕಟ್ಟಿದನು. ರಕ್ಷಣೆಯನ್ನು ಮಾತ್ರ ಬಯಸುವವನು ಬೆಟ್ಟವನ್ನು ಬಿಡುವುದಿಲ್ಲ. ವ್ಯಾಪಾರವನ್ನು ಬಯಸುವವನು ಬಯಲಿಗೆ ಬರಲೇಬೇಕು. ಹೊರಗಿನ ವರ್ತಕರನ್ನೂ ಕುಶಲಕರ್ಮಿಗಳನ್ನೂ ಕರೆಸಿ ನೆಲೆಗೊಳಿಸುವುದು ಆ ನಗರದ ಉದ್ದೇಶಗಳಲ್ಲಿ ಮೊದಲಿನದು. ಆದುದರಿಂದಲೇ ಅಲ್ಲಿ ಅಂಗಡಿಯ ಸಾಲುಗಳು ಊರು ಬೆಳೆದ ಮೇಲೆ ಅಂಟಿಕೊಂಡವುಗಳಲ್ಲ; ಯೋಜನೆಯ ಎಲುಬುಗಳೇ ಅವು.

ಆ ಯೋಜನೆ ಹೀಗಿದೆ. ಚಚ್ಚೌಕದ ಒಂಬತ್ತು ಪಾಲುಗಳ ಕಲ್ಪನೆಯನ್ನು ಮೂಲವಾಗಿಟ್ಟುಕೊಂಡು, ಎರಡನ್ನು ಅರಮನೆಗೂ ರಾಜ್ಯದ ಕಟ್ಟಡಗಳಿಗೂ ಬಿಟ್ಟು, ಉಳಿದುದನ್ನು ಪ್ರಜೆಗಳ ವಾಸಕ್ಕೂ ವ್ಯಾಪಾರಕ್ಕೂ ಕೊಟ್ಟಿದ್ದಾರೆ. ಇಂಥ ಪಾಲಿಗೆ ಅಲ್ಲಿ ಚೌಕಡಿ ಎಂದು ಹೆಸರು. ಪೂರ್ವದ ಸೂರಜಪೋಲಿನಿಂದ ಪಶ್ಚಿಮದ ಚಾಂದಪೋಲಿನವರೆಗೆ, ಎಂದರೆ ಸೂರ್ಯನ ಬಾಗಿಲಿನಿಂದ ಚಂದ್ರನ ಬಾಗಿಲಿನವರೆಗೆ, ಒಂದು ರಾಜಬೀದಿ; ಅದನ್ನು ಅಡ್ಡಬೀದಿಗಳು ಕತ್ತರಿಸುವಲ್ಲಿ ಚೌಪಡ್ ಎಂಬ ವಿಶಾಲವಾದ ಚೌಕಗಳು. ದೊಡ್ಡ ಬೀದಿಯ ಅಗಲ ಸುಮಾರು ೧೧೧ ಅಡಿ. ಅದರ ಕೆಳಗಿನದು ಅದರ ಅರ್ಧ. ಅದರ ಕೆಳಗಿನದು ಮತ್ತೆ ಅರ್ಧ. ಹೀಗೆ ರಾಜಬೀದಿಯಿಂದ ಮನೆಯ ಅಂಗಳದವರೆಗೆ ಒಂದೇ ಲೆಕ್ಕವು ಇಳಿದುಬರುತ್ತದೆ. ಛಂದಸ್ಸನ್ನು ಬಲ್ಲ ನಮ್ಮ ವಾಚಕರಿಗೆ ಇದರ ಸೊಗಸನ್ನು ವಿವರಿಸಬೇಕಾಗಿಲ್ಲ. ಮಾತ್ರೆಗಳು ಗಣಗಳಾಗಿ, ಗಣಗಳು ಪಾದವಾಗಿ, ಪಾದಗಳು ಪದ್ಯವಾಗುವಂತೆ ಇಲ್ಲಿ ಅಂಗಡಿಗಳು ಸಾಲಾಗಿ, ಸಾಲುಗಳು ಬೀದಿಯಾಗಿ, ಬೀದಿಗಳು ಪಟ್ಟಣವಾಗಿವೆ.

ಒಳ್ಳೆಯ ಕವಿಯು ಛಂದಸ್ಸಿಗಾಗಿ ಅರ್ಥವನ್ನು ಕೆಡಿಸುವುದಿಲ್ಲ. ವಾಯವ್ಯದಲ್ಲಿ ನಾಹರಗಢದ ಬೆಟ್ಟವು ಅಡ್ಡಬಂದುದರಿಂದ ಅಲ್ಲಿನ ಚೌಕವು ಪೂರ್ಣವಾಗಲಿಲ್ಲ. ಯೋಜಕರು ಬೆಟ್ಟದೊಡನೆ ಹಟಹಿಡಿಯದೆ ಆಗ್ನೇಯದಲ್ಲಿ ಒಂದು ಚೌಕವನ್ನು ಹೊರಚಾಚಿ ಸೇರಿಸಿದರು. ರಾಜಬೀದಿಯು ನೇರ ಪೂರ್ವಪಶ್ಚಿಮವಾಗಿರದೆ ನೆಲದ ಏಣನ್ನು ಅನುಸರಿಸಿ ಕೊಂಚ ಓರೆಯಾಗಿದೆ. ಇದನ್ನು ನವಗ್ರಹಮಂಡಲವೆಂದೂ ಶಾಸ್ತ್ರೋಕ್ತವಾದ ಪ್ರಸ್ತಾರವೆಂದೂ ಹೇಳುವವರುಂಟು. ವಿದ್ವಾಂಸರು ಅದನ್ನು ಚರ್ಚಿಸಲಿ. ನಮಗೆ ಮುಖ್ಯವಾದದ್ದು, ಶಾಸ್ತ್ರ ಮತ್ತು ನೆಲ ಇವೆರಡಕ್ಕೂ ವಿರೋಧ ಬಂದಾಗ ನೆಲದ ಮಾತನ್ನು ಕೇಳಿದ ವಿವೇಕ. ನಮ್ಮ ಆಲಂಕಾರಿಕರು ಔಚಿತ್ಯವೆಂದದ್ದು ಇದನ್ನೇ. ನಾಹರಗಢದ ಮೇಲೆ ನಿಂತು ಊರನ್ನು ನೋಡಿದ ಲೇಖಕರು ಸೂರ್ಯಾಸ್ತವನ್ನು ವರ್ಣಿಸುತ್ತಾರೆ. ಕಾಲಕೆಳಗೆ ಹರವಿದ ಆ ನಕ್ಷೆಯನ್ನು, ಆ ಬೆಟ್ಟವೇ ಅದನ್ನು ತಿದ್ದಿದ ಬಗೆಯನ್ನು ಹೇಳಿದವರು ವಿರಳ.

ಹವಾಮಹಲನ್ನು ಈ ಕಣ್ಣಿನಿಂದ ನೋಡಿದರೆ ಅದೂ ಬೇರೆಯಾಗುತ್ತದೆ. ಅದನ್ನು ೧೭೯೯ರಲ್ಲಿ ಕಟ್ಟಿಸಿದವನು ಸವಾಯಿ ಪ್ರತಾಪಸಿಂಹ. ‘ಬ್ರಜನಿಧಿ’ ಎಂಬ ಅಂಕಿತದಲ್ಲಿ ಕವಿತೆಗಳನ್ನು ರಚಿಸಿದ ಅರಸ. ಕಟ್ಟಿದವನು ಲಾಲಚಂದ ಉಸ್ತಾದ. ಐದು ಅಂತಸ್ತು, ೯೫೩ ಕಿಟಕಿಗಳು ಎಂಬ ಲೆಕ್ಕವನ್ನು ಎಲ್ಲರೂ ಒಪ್ಪಿಸುತ್ತಾರೆ. ಆದರೆ ಬೀದಿಯ ಕಡೆಯಿಂದ ಅದಕ್ಕೆ ಬಾಗಿಲಿಲ್ಲ, ಹಿಂದಿನಿಂದ ಒಳಹೋಗಬೇಕು. ಹಿಂಬದಿ ಮುಂಬದಿಯಷ್ಟು ಅಲಂಕೃತವಲ್ಲ. ಮೇಲಿನ ಮೂರು ಅಂತಸ್ತುಗಳು ಒಂದು ಕೋಣೆಯಷ್ಟೇ ದಪ್ಪ. ಅದು ವಾಸದ ಅರಮನೆಯೇ ಅಲ್ಲ. ಪರದೆಯ ಕಟ್ಟಳೆಗೆ ಒಳಪಟ್ಟ ರಾಣಿವಾಸದ ಹೆಂಗಸರು ಬೀದಿಯ ಉತ್ಸವವನ್ನೂ ಸಂತೆಯನ್ನೂ ತಾವು ಕಾಣಿಸಿಕೊಳ್ಳದೆ ನೋಡಲು ಕಟ್ಟಿದ ಕಲ್ಲುಗಾರೆಯ ತೆರೆ. ಅದರ ಸೌಂದರ್ಯವು ನಿಜ. ಆ ಸೌಂದರ್ಯಕ್ಕೆ ಕಾರಣವಾದ ನಿರ್ಬಂಧವೂ ನಿಜ. ಗಾಳಿಯ ತಂಪನ್ನು ಮಾತ್ರ ಹೇಳಿ ಆ ಕಿಟಕಿಯ ಹಿಂದೆ ನಿಂತಿದ್ದವಳನ್ನು ಮರೆತರೆ, ವಾಚ್ಯಾರ್ಥವನ್ನು ಹಿಡಿದು ಧ್ವನಿಯನ್ನು ಬಿಟ್ಟಂತೆ. ನಮ್ಮ ಲೇಖಕಿಯರಾದರೂ ಇದನ್ನು ಬರೆಯುವರೆಂದು ನಿರೀಕ್ಷಿಸಿದರೆ ಅತಿಯಾಗದು.

ಅರಮನೆಯ ಬೆಳ್ಳಿಯ ಹಂಡೆಗಳೂ ಹಾಗೆಯೇ ಮಾತಾಡಬಲ್ಲವು. ಒಂದೊಂದು ಸುಮಾರು ೩೪೫ ಕಿಲೋ ತೂಗುವ, ೪,೦೦೦ ಲೀಟರು ಹಿಡಿಯುವ ಈ ಪಾತ್ರೆಗಳಲ್ಲಿ ೧೯೦೨ರಲ್ಲಿ ಎರಡನೆಯ ಮಾಧೋಸಿಂಹನು ಗಂಗಾಜಲವನ್ನು ತುಂಬಿಸಿಕೊಂಡು ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಲಂಡನ್ನಿಗೆ ಹೋದನು. ಲೇಖನಗಳು ತೂಕದಲ್ಲಿಯೇ ನಿಂತುಬಿಡುತ್ತವೆ. ಸಾರ್ವಭೌಮನ ಕರೆಗೆ ಸಮುದ್ರವನ್ನು ದಾಟಲೇಬೇಕಾದ, ದಾಟಿದರೂ ಆಚಾರವನ್ನು ಬಿಡಲಾರದ ಒಬ್ಬ ಅರಸನ ಇಕ್ಕಟ್ಟು ಆ ಬೆಳ್ಳಿಯಲ್ಲಿ ಹೊಳೆಯುತ್ತಿದೆ. ಅದನ್ನು ಹೇಳಿದ್ದರೆ ಒಂದು ಕಾಲದ ಚರಿತ್ರೆಯೇ ವಾಚಕನಿಗೆ ದೊರೆಯುತ್ತಿದ್ದಿತು.

ಅರಮನೆಯ ಪಕ್ಕದಲ್ಲಿಯೇ ಇರುವ ಜಂತರ್ ಮಂತರಿಗೆ ನಮ್ಮ ಲೇಖನಗಳಲ್ಲಿ ಎರಡು ಸಾಲು ದೊರೆತರೆ ಹೆಚ್ಚು. ಜಯಸಿಂಹನು ದೆಹಲಿ, ಜಯಪುರ, ಮಥುರಾ, ಉಜ್ಜಯಿನಿ, ವಾರಾಣಸಿಗಳಲ್ಲಿ ಐದು ವೇಧಶಾಲೆಗಳನ್ನು ಕಟ್ಟಿಸಿದನು, ಮಥುರೆಯದು ಅಳಿದುಹೋಗಿದೆ, ಜಯಪುರದ್ದು ಎಲ್ಲಕ್ಕಿಂತ ದೊಡ್ಡದು. ಅಲ್ಲಿನ ಸಾಮ್ರಾಟಯಂತ್ರವು ಸುಮಾರು ೨೭ ಮೀಟರು ಎತ್ತರವಾದ ನೆರಳುಗಡಿಯಾರ. ಅದರ ಓರೆಗೋಡೆಯು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ, ಆ ಸ್ಥಳದ ಅಕ್ಷಾಂಶವಾದ ಸುಮಾರು ೨೭ ಅಂಶದಷ್ಟು ಬಾಗಿದೆ. ಅಷ್ಟು ದೊಡ್ಡದಾದುದರಿಂದಲೇ ಅದರ ನೆರಳು ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರಿನಂತೆ ಸರಿಯುವುದನ್ನು ಬರಿಯ ಕಣ್ಣಿನಿಂದ ಕಾಣಬಹುದು. ಗಾತ್ರವು ಇಲ್ಲಿ ಆಡಂಬರವಲ್ಲ, ಸೂಕ್ಷ್ಮತೆಯ ಸಾಧನ. ಅರಮನೆಯ ಎತ್ತರಕ್ಕೂ ಈ ಎತ್ತರಕ್ಕೂ ಇರುವ ಭೇದವನ್ನು ಗುರುತಿಸಿ ಬರೆದರೆ ಒಂದು ಲೇಖನವು ಸಾರ್ಥಕವಾಗುತ್ತದೆ.

ಹೊಗಳಿಕೆಗೂ ಮಿತಿಯಿರಬೇಕು. ಯುರೋಪಿನಲ್ಲಿ ದೂರದರ್ಶಕವು ಬಳಕೆಗೆ ಬಂದು ನೂರು ವರ್ಷಗಳಾಗಿದ್ದ ಕಾಲದಲ್ಲಿ ಜಯಸಿಂಹನು ಕಲ್ಲುಗಾರೆಯ ಯಂತ್ರಗಳನ್ನು ಕಟ್ಟಿಸಿದನು. ಪೋರ್ಚುಗಲ್ಲಿಗೆ ನಿಯೋಗವನ್ನು ಕಳುಹಿಸಿ ಲ ಹೀರ್ ಎಂಬ ಫ್ರೆಂಚ್ ಜ್ಯೋತಿಷಿಯ ಕೋಷ್ಟಕಗಳನ್ನು ತರಿಸಿಕೊಂಡು, ತನ್ನ ವೇಧಗಳೊಡನೆ ಹೋಲಿಸಿ ಅವುಗಳಲ್ಲಿ ದೋಷವನ್ನೂ ಕಂಡನು. ಆದರೂ ಆ ನೂತನ ಜ್ಞಾನವು ಅವನ ತರುವಾಯ ಇಲ್ಲಿ ಬೇರೂರಲಿಲ್ಲ. ೧೭೪೩ರಲ್ಲಿ ಅವನು ತೀರಿಕೊಂಡಮೇಲೆ ಯಂತ್ರಗಳು ಅನಾಥವಾದವು. ಅವನ ಹಿರಿಮೆ ಮತ್ತು ಅವನ ಪ್ರಯತ್ನದ ಒಂಟಿತನ ಎರಡನ್ನೂ ಹೇಳುವುದೇ ವಿಮರ್ಶಕಬುದ್ಧಿ. ನಮ್ಮಂಥ ಸಾಹಿತ್ಯಪ್ರಿಯರಿಗೆ ಇನ್ನೊಂದು ಸಂಗತಿ ಪ್ರಿಯವಾದೀತು. ೧೯೦೧ರ ಸುಮಾರಿಗೆ ಈ ವೇಧಶಾಲೆಯನ್ನು ಗ್ಯಾರೆಟ್ ಎಂಬ ಅಧಿಕಾರಿಯು ಜೀರ್ಣೋದ್ಧಾರಮಾಡಿದಾಗ ಅವನಿಗೆ ನೆರವಾಗಿ, ೧೯೦೨ರಲ್ಲಿ ಅವನೊಡನೆ ಅದರ ಮೇಲೆ ಗ್ರಂಥವನ್ನು ಬರೆದವರು ಚಂದ್ರಧರ ಶರ್ಮಾ ಗುಲೇರಿ. ೧೯೧೫ರಲ್ಲಿ ಪ್ರಕಟವಾದ ‘ಉಸನೇ ಕಹಾ ಥಾ’ ಎಂಬ ಪ್ರಸಿದ್ಧ ಹಿಂದೀ ಸಣ್ಣಕಥೆಯ ಕರ್ತೃ. ಕಥೆಗಾರನೊಬ್ಬನು ಕಲ್ಲಿನ ಯಂತ್ರವನ್ನು ಓದಲು ಕಲಿತನು. ನಾವು ಕಲಿಯಬಾರದೆ?

ಕೋಟೆಗಳ ವಿಷಯವಾಗಿ ಒಂದೇ ಮಾತು. ಆಮೇರದಲ್ಲಿ ೧೫೯೨ರಲ್ಲಿ ಮಾನಸಿಂಹನು ಆರಂಭಿಸಿದ ಅರಮನೆಗೆ ಮಿರ್ಜಾರಾಜಾ ಜಯಸಿಂಹನು ಸೇರಿಸಿದ ಶೀಶಮಹಲಿನ ಕನ್ನಡಿಗಳ ಮುಂದೆ ಎಲ್ಲರೂ ನಿಲ್ಲುತ್ತಾರೆ, ನಿಲ್ಲಬೇಕಾದುದೇ. ಆದರೆ ಮಳೆ ಕಡಮೆಯಾದ ಆ ನಾಡಿನಲ್ಲಿ ಕೋಟೆಯು ಬದುಕುತ್ತಿದ್ದದ್ದು ಕನ್ನಡಿಯಿಂದಲ್ಲ, ನೀರಿನಿಂದ. ಜಯಗಢದಲ್ಲಿ ಸುತ್ತಣ ಬೆಟ್ಟಗಳ ಮೇಲೆ ಬಿದ್ದ ಮಳೆಯನ್ನು ಕಾಲುವೆಗಳಲ್ಲಿ ಹರಿಸಿ ತಂದು ದೊಡ್ಡ ಹೊಂಡಗಳಲ್ಲಿ ಕೂಡಿಡುತ್ತಿದ್ದರು. ೧೯೭೬ರಲ್ಲಿ ಆ ಕೋಟೆಯಲ್ಲಿ ನಿಧಿಗಾಗಿ ನಡೆದ ಶೋಧನೆಯ ಸುದ್ದಿ ಲೇಖನಗಳಲ್ಲಿ ತಪ್ಪದೆ ಬರುತ್ತದೆ. ಕಣ್ಣೆದುರಿನ ಹೊಂಡಗಳು ಬರುವುದಿಲ್ಲ. ಕೆರೆಕಟ್ಟೆಗಳ ನಾಡಿನಿಂದ ಹೋದ ನಮಗಾದರೂ ಆ ಹೊಂಡಗಳ ಬೆಲೆ ತಿಳಿಯಬೇಕಾಗಿದ್ದಿತು.

ನಮ್ಮವರು ಬರೆಯಬಹುದಾಗಿದ್ದು ಬರೆಯದೆ ಬಿಟ್ಟ ಇನ್ನೊಂದು ಪುಟವುಂಟು. ಕೋಟೆಗೋಡೆಯ ದಕ್ಷಿಣಕ್ಕೆ ಹಾದುಹೋಗುವ, ಪ್ರತಿಯೊಬ್ಬ ಯಾತ್ರಿಕನೂ ನಡೆದಾಡುವ ಎಂ. ಐ. ರಸ್ತೆಯ ಎರಡು ಅಕ್ಷರಗಳು ಮಿರ್ಜಾ ಇಸ್ಮಾಯಿಲರ ಹೆಸರಿನವು. ೧೯೨೬ರಿಂದ ೧೯೪೧ರವರೆಗೆ ಮೈಸೂರಿನ ದಿವಾನರಾಗಿದ್ದ ಅವರು ೧೯೪೨ರಿಂದ ೧೯೪೬ರವರೆಗೆ ಜಯಪುರದ ಪ್ರಧಾನಮಂತ್ರಿಗಳಾಗಿದ್ದರು. ಅವರ ಕಾಲದಲ್ಲಿಯೇ, ೧೯೪೫ರಲ್ಲಿ, ಅಖಿಲ ಭಾರತದ ಲೇಖಕರ ಪಿ. ಇ. ಎನ್. ಸಮ್ಮೇಳನವು ಆ ನಗರದಲ್ಲಿ ನೆರೆಯಿತು. ಆಂಗ್ಲ ಕಾದಂಬರಿಕಾರ ಇ. ಎಂ. ಫಾರ್ಸ್ಟರರು ಅದಕ್ಕೆ ಬಂದಿದ್ದರು. ಬಂಗಾಳದ ಮೂಲದವನು ರೂಪಿಸಿದ ಊರಿನಲ್ಲಿ ಮೈಸೂರಿನವರು ಕೆಲಸಮಾಡಿದರು. ಜಯಪುರವು ಕಛವಾಹ ಅರಸರ ಸೊತ್ತು ಮಾತ್ರವಲ್ಲ, ಅನೇಕ ಪ್ರಾಂತಗಳ ಬುದ್ಧಿಯೂ ಕೈಗಳೂ ಕೂಡಿ ಮಾಡಿದ ಕೃತಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ಅಷ್ಟು ದೂರ ಹೋದ ಕನ್ನಡಿಗನು ತನ್ನ ನಾಡಿನ ಹೆಸರಿನ ಕೆಳಗೆ ನಡೆದುಹೋಗಿ ರಜಾಯಿಯ ಬೆಲೆಯನ್ನು ಮಾತ್ರ ಬರೆದುಕೊಂಡು ಬರುವುದು ಸರಿಯೆ?

ಇಷ್ಟೆಲ್ಲ ವಾದಿಸುವುದು ಬರಿಯ ಸಾಹಿತ್ಯದ ಅಚ್ಚುಕಟ್ಟಿಗಾಗಿ ಅಲ್ಲ. ಬರೆವಣಿಗೆಗೂ ಊರಿನ ಉಳಿವಿಗೂ ಸಂಬಂಧವುಂಟು. ವೇಧಶಾಲೆಯು ೨೦೧೦ರಲ್ಲಿ, ಆಮೇರದ ಕೋಟೆಯು ರಾಜಸ್ಥಾನದ ಇತರ ಗಿರಿದುರ್ಗಗಳೊಡನೆ ೨೦೧೩ರಲ್ಲಿ, ಗೋಡೆಯೊಳಗಿನ ನಗರವು ೨೦೧೯ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಈ ಅನುಕ್ರಮವನ್ನು ವಾಚಕರು ಗಮನಿಸಬೇಕು: ಬಿಡಿಬಿಡಿಯಾದ ಕಟ್ಟಡಗಳ ಬೆಲೆ ಮೊದಲು ತಿಳಿಯಿತು, ನಗರದ ಬೆಲೆ ಕೊನೆಗೆ. ಗೋಡೆಯೊಳಗಿನ ನಗರವು ವಸ್ತುಸಂಗ್ರಹಾಲಯವಲ್ಲ. ಅಲ್ಲಿ ಜನರು ಸಂಸಾರ ಹೂಡಿದ್ದಾರೆ. ರತ್ನಪಡಿಯವರು, ಅರಗಿನ ಬಳೆಯವರು, ಬಟ್ಟೆಯ ವ್ಯಾಪಾರಿಗಳು ಜೀವನ ಸಾಗಿಸುತ್ತಿದ್ದಾರೆ. ಅಲ್ಲಿ ಕಾಪಾಡಬೇಕಾದದ್ದು ಬೀದಿಯ ಮುಖ ಮಾತ್ರವೋ, ಮುಖದ ಹಿಂದಿನ ಅಂಗಳ, ಓಣಿ, ಕಸುಬುಗಳೂ ಸೇರಿ ಇಡಿಯ ಬಾಳೋ ಎಂಬ ಪ್ರಶ್ನೆಯು ಯಾತ್ರಿಕರ ಕಣ್ಣಿನ ಮೇಲೆಯೂ ನಿಂತಿದೆ. ನೋಡುವವನು ಮುಖವನ್ನೇ ಬಯಸಿದರೆ ಊರು ಅವನಿಗೆ ಮುಖವನ್ನೇ ಬಳಿದು ತೋರಿಸುತ್ತದೆ. ಹಿಂದಿನದು ಕುಸಿದರೂ ಯಾರ ಲೇಖನದಲ್ಲಿಯೂ ಅದಕ್ಕೆ ಒಂದು ಸಾಲು ಬರುವುದಿಲ್ಲ.

ಆದುದರಿಂದ ಪ್ರವಾಸಲೇಖನವನ್ನು ಬರೆಯುವ ಮಹನೀಯರಲ್ಲಿಯೂ ಅವುಗಳನ್ನು ಓದುವ ಮನೆಮಂದಿಯಲ್ಲಿಯೂ ಮೂರು ವಿಜ್ಞಾಪನೆಗಳಿವೆ. ಮಾರ್ಗದರ್ಶಕನು ಹೇಳಿದ್ದನ್ನು ಬರೆಯುವಾಗ ಅದು ಕಂಡದ್ದೋ, ಓದಿ ತಿಳಿದದ್ದೋ, ಕೇಳಿದ ಕಥೆಯೋ ಎಂಬುದನ್ನು ಬೇರೆ ಮಾಡಿ ಹೇಳಬೇಕು. ಕಟ್ಟಿಸಿದವನ ಹೆಸರಿನೊಡನೆ, ತಿಳಿದುಬಂದಲ್ಲಿ, ಕಟ್ಟಿದವನ ಹೆಸರನ್ನೂ ಹೇಳಬೇಕು. ವಿದ್ಯಾಧರ, ಲಾಲಚಂದರಂಥ ಹೆಸರುಗಳು ಉಳಿದಿರುವುದೇ ಅಪೂರ್ವ. ಮೂರನೆಯದಾಗಿ, ಅರಮನೆಯಿಂದ ಹೊರಬಂದು ಒಂದು ಗಳಿಗೆಯಾದರೂ ಬೀದಿಯಲ್ಲಿ ನಿಂತು, ಈ ಊರು ಏಕೆ ಹೀಗಿದೆ, ನೀರು ಎಲ್ಲಿಂದ ಬಂದಿತು, ಜನರು ಏತರಿಂದ ಬಾಳಿದರು ಎಂದು ಕೇಳಬೇಕು. ಇದಕ್ಕೆ ಪಾಂಡಿತ್ಯ ಬೇಕಾಗಿಲ್ಲ. ಬಡೀ ಚೌಪಡದಲ್ಲಿ ನಿಂತು ನಾಲ್ಕು ದಿಕ್ಕಿಗೂ ಒಮ್ಮೆ ಕಣ್ಣು ಹಾಯಿಸುವಷ್ಟು ಪುರಸೊತ್ತು ಇದ್ದರೆ ಸಾಕು.